ಆರನೆಯ ತುಂಡು

ವರ್ಡೆಲ್ ಬರ್ಡ್‌ಸಾಂಗ್ ಹೊಗೆಯಲ್ಲಿ ಬೇಯಿಸಿದ ಪಕ್ಕೆಲುಬನ್ನು ಒಮ್ಮೆ ತಿಂದವರು ಆಮೇಲೆ ಯಾರ ಮನೆಯ ಊಟಕ್ಕೆ ಹೋದರೂ ಕೊಂಕು ತೆಗೆಯುತ್ತಿದ್ದರು. ಅಮೆರಿಕದ ಪಶ್ಚಿಮ ಟೆನೆಸಿಯ ಬಾರ್ಬೆಕ್ಯೂ ಪಂದ್ಯಗಳಲ್ಲಿ ಮೂವತ್ತೊಂದು ವರ್ಷ ಒಲೆ ಹಚ್ಚಿದ ಮನುಷ್ಯ. ಗೆದ್ದ ಕಪ್‌ಗಳಿಗೆ ಮನೆಯಲ್ಲಿ ಜಾಗ ಸಾಲದೆ, ಅವನ ಹೆಂಡತಿ ಎರಡನ್ನು ಕೋಳಿಗಳಿಗೆ ನೀರಿಡಲು ಬಳಸುತ್ತಿದ್ದಳು.

ಅಂಥವನು ಕಳೆದ ತಿಂಗಳು ನಲವತ್ತೆರಡು ತಂಡಗಳಲ್ಲಿ ನಲವತ್ತೊಂದನೆಯವನಾದ. ಮಾಂಸದಲ್ಲಿ ದೋಷವಿರಲಿಲ್ಲ. ಒಂದು ಮೇಜಿಗೆ ಆರು ತೀರ್ಪುಗಾರರು. ಹೆಸರಿಲ್ಲದ, ಬರೀ ನಂಬರಿನ ಪೆಟ್ಟಿಗೆಯಿಂದ ಒಬ್ಬೊಬ್ಬರು ಒಂದೊಂದು ತುಂಡು ತೆಗೆದುಕೊಳ್ಳಬೇಕು. ಎರಡು ತುಂಡು ಪೂರ್ತಿ ಕೊಯ್ದುಕೊಳ್ಳದೆ ಅಡಿಯಲ್ಲಿ ಅಂಟಿಕೊಂಡಿದ್ದರಿಂದ ಒಬ್ಬರ ಕೈಗೆ ಎರಡೂ ಬಂದವು, ಆರನೆಯವರು ಖಾಲಿ ತಟ್ಟೆ ನೋಡುತ್ತ ಕೂತರು. ನಿಯಮ ನಿಯಮವೇ, ಅಂಕಗಳೆಲ್ಲ ನೆಲ ಕಚ್ಚಿದವು. ಬೇರೆ ತಂಡದವರು ಏಳೆಂಟು ತುಂಡು ಹಾಕಿಡುತ್ತಾರೆ. ವರ್ಡೆಲ್ ಮಾತ್ರ ಎಣಿಸಿ ಆರೇ ಹಾಕುವವನು. ಹೆಚ್ಚಿಗೆ ಹಾಕುವವನಿಗೆ ತನ್ನ ಕೈಮೇಲೆ ತನಗೇ ನಂಬಿಕೆಯಿಲ್ಲ ಎನ್ನುವುದು ಅವನ ವಾದ.

"ಚಾಕು ಮೊಂಡಾಗಿತ್ತು" ಎಂದು ಹೇಳಿ ಹೊಸದೊಂದನ್ನು ತಂದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದುಕೊಂಡಳು ಮಗಳು ಲುವೆನಿಯಾ. ನಲವತ್ತಾರರ ಲುವೆನಿಯಾ ವಾರವೆಲ್ಲ ಶಾಲೆಯ ಬಸ್ಸು ಓಡಿಸುತ್ತಾಳೆ, ಶನಿವಾರ ಅಪ್ಪನ ಒಲೆಗೆ ಸೌದೆ ಒಟ್ಟುತ್ತಾಳೆ, ಇಪ್ಪತ್ತು ವರ್ಷದಿಂದ. ಅಪ್ಪನ ಬಲಗೈ ಬೆರಳುಗಳು ಚಳಿಗಾಲದಿಂದೀಚೆಗೆ ಮರಗಟ್ಟಿವೆ ಎಂಬುದು ಅವಳಿಗೆ ಗೊತ್ತಿತ್ತು. ಅಂಗಿಯ ಗುಂಡಿ ಅಮ್ಮ ಹಾಕಬೇಕು, ಕಾಫಿ ಲೋಟ ತಾನಾಗಿ ಜಾರಬೇಕು, ಆದರೆ ಮನೆಯಲ್ಲಿ ಯಾರೂ ಆ ಮಾತೆತ್ತಬಾರದು. ಇನ್ನೂ ಒಂದು ಸಂಕಟವಿತ್ತು. ಅವತ್ತು ಪೆಟ್ಟಿಗೆ ಮುಚ್ಚುವ ಮೊದಲೇ ಆ ಅಂಟನ್ನು ಅವಳು ಕಂಡಿದ್ದಳು. ಅಂಥ ಅಪ್ಪನಿಗೆ, ನಾಲ್ಕು ಜನರ ಎದುರು, ನಿನ್ನ ಕೈ ಸೋತಿದೆ ಎಂದು ಹೇಗೆ ಹೇಳುವುದು? ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಸುಮ್ಮನಿದ್ದುಬಿಟ್ಟಳು. ಆಮೇಲೆ ಜನ ನಕ್ಕಾಗಲೆಲ್ಲ ತನ್ನನ್ನೇ ಬೈದುಕೊಂಡಳು.

ಇವತ್ತು ಮತ್ತೆ ಪಂದ್ಯ. ಇನ್ನೊಂದು ಸಲ ಹಾಗಾದರೆ ಮೂವತ್ತೊಂದು ವರ್ಷದ ಹೆಸರು ಬರೀ ತಮಾಷೆಯಾಗಿ ಉಳಿಯುತ್ತದೆ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಪಕ್ಕದ ಡೇರೆಯ ಡೂಲಿ ಕ್ರೆನ್ಶಾ ಹಲ್ಲು ಕಿರಿಯುತ್ತ ಬಂದ.

"ಏನಣ್ಣ ವರ್ಡೆಲ್, ಇವತ್ತು ಆರನೇ ಜಡ್ಜಿಗೆ ಮನೆಯಿಂದ್ಲೇ ಬುತ್ತಿ ತರೋಕೆ ಹೇಳಿದೀಯಾ?"

"ನಿನ್ನ ಮೇಜಿನ ಜಡ್ಜಿಗಳು ಆಂಬುಲೆನ್ಸ್ ತರಿಸಿಟ್ಕೊಂಡೇ ಕೂರ್ತಾರಂತೆ. ಹೋಗು, ಮೊದಲು ಅದನ್ನ ನೋಡ್ಕೊ" ಎಂದ ಮುದುಕ.

ಡೂಲಿ ಹೊಟ್ಟೆ ಹಿಡಿದುಕೊಂಡು ನಕ್ಕು ಹೋದ. ಲುವೆನಿಯಾಗೆ ನಗು ಬರಲಿಲ್ಲ. ಪಕ್ಕೆಲುಬಿನ ಪೆಟ್ಟಿಗೆಯನ್ನು ಹನ್ನೆರಡೂವರೆಗೆ ಒಪ್ಪಿಸಬೇಕು. ಐದು ನಿಮಿಷ ಆಚೀಚೆ ನಡೆಯುತ್ತದೆ, ಆರನೇ ನಿಮಿಷಕ್ಕೆ ದೇವರೇ ಬಂದರೂ ತೆಗೆದುಕೊಳ್ಳುವುದಿಲ್ಲ.

ಮಾಂಸ ಹಲಗೆಗೆ ಬಂತು. ಬಣ್ಣ ನೋಡಿದರೆ ಬಾಯಲ್ಲಿ ನೀರೂರಬೇಕು, ಹಾಗಿತ್ತು. ಕಡೆಯ ಗಳಿಗೆಯಲ್ಲಿ ಕೊಯ್ಯುವುದು ಯಾವತ್ತೂ ವರ್ಡೆಲ್‌ನೇ. ಹೊಸ ಚಾಕು ಹಿಡಿದು ಒಂದೊಂದಾಗಿ ಇಳಿಸಿದ. ಹಸಿರು ಸೊಪ್ಪು ಹಾಸಿದ ಪೆಟ್ಟಿಗೆಯಲ್ಲಿ ಆರನ್ನೂ ಸಾಲಾಗಿ ಇಡಲು ಕೈ ಚಾಚಿದ. ಲುವೆನಿಯಾ ಬಗ್ಗಿ ನೋಡಿದಳು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ, ಅಡಿಯಲ್ಲಿ, ನೂಲಿನಷ್ಟು ಪೊರೆ ಹಾಗೇ ಇತ್ತು.

ಅವಳು ಪೆಟ್ಟಿಗೆಗೆ ಕೈ ಅಡ್ಡ ಹಿಡಿದಳು.

"ಅಪ್ಪಾ, ತಡಿ. ಅವೆರಡು ಬಿಟ್ಕೊಂಡಿಲ್ಲ."

ಸಿಡಿಮಿಡಿಗೊಳ್ಳುತ್ತಾನೆ ಎಂದು ಕಾದಳು. ಅವನು ಚಾಕು ಎತ್ತಿ ಹಿಡಿದುಕೊಂಡೇ ಕೇಳಿದ:

"ಹೋದ ತಿಂಗಳೂ ನೋಡಿದ್ಯಾ?"

"ನೋಡಿದ್ದೆ."

"ನಾನೂ ನೋಡಿದ್ದೆ."

"ಏನು?!"

"ಕಣ್ಣು ನೆಟ್ಟಗಿದೆಯಲ್ಲವ್ವ ನಂಗೆ. ಬೆರಳಿಗೆ ಗೊತ್ತಾಗಲ್ಲ, ಅಷ್ಟೆ. ನೀನು ಹೇಳ್ತೀಯೇನೋ ಅಂತ ಕಾದೆ. ನಾನಾಗೇ ಇನ್ನೊಂದ್ಸಲ ಚಾಕು ಹಾಕಿದ್ರೆ ಎಲ್ಲರ ಮುಂದೆ ಒಪ್ಕೊಂಡ ಹಾಗಾಗ್ತಿತ್ತು."

"ಅದಕ್ಕೆ ಸೋತುಬಿಡೋದಾ?"

"ನಿಮ್ಮಮ್ಮ ನನ್ನ ಕತ್ತೆ ಅಂತ ಸುಮ್‌ಸುಮ್ನೆ ಕರೀತಾಳಾ?"

ಲುವೆನಿಯಾ ನಕ್ಕಳು. ನಗುತ್ತಿದ್ದಂತೆ ಕಣ್ಣು ತುಂಬಿ ಬಂತು. ಮುದುಕ ಚಾಕುವಿನ ಹಿಡಿಯನ್ನು ಅವಳ ಕಡೆ ತಿರುಗಿಸಿದ.

"ಅಳೋದಿದ್ರೆ ಆಮೇಲೆ ಅಳು. ಕಣ್ಣೀರು ಬಿದ್ರೆ ಉಪ್ಪು ಜಾಸ್ತಿ ಆಗುತ್ತೆ. ಕೊಯ್ಯಿ."

ಅವಳು ಕೊಯ್ದಳು. ಆರನ್ನೂ ಒಂದೊಂದಾಗಿ ಎತ್ತಿ, ಬಿಡಿ ಮಾಡಿ, ಸೊಪ್ಪಿನ ಮೇಲೆ ಜೋಡಿಸಿ ಮುಚ್ಚಳ ಹಾಕಿದಳು. ಗಡಿಯಾರದಲ್ಲಿ ಮೂರು ನಿಮಿಷ ಉಳಿದಿತ್ತು. ಒಪ್ಪಿಸುವ ಮೇಜು ಮೈದಾನದ ಆ ತುದಿಯಲ್ಲಿ. ಅವಳು ಎರಡು ಕೈಯಲ್ಲೂ ಪೆಟ್ಟಿಗೆ ಹಿಡಿದು ಬಿರಬಿರನೆ ನಡೆದಳು. ಅವಳ ಮುಂದೆ ವರ್ಡೆಲ್, ಎಪ್ಪತ್ತನಾಲ್ಕರ ಮಂಡಿನೋವನ್ನೆಲ್ಲ ಮರೆತು, ಕುರ್ಚಿ ತಳ್ಳುತ್ತ, ನಾಯಿಗಳನ್ನು ಗದರುತ್ತ, "ದಾರಿ ಬಿಡ್ರೋ! ದಾರಿ ಬಿಡ್ರೋ!" ಎಂದು ಕೂಗುತ್ತ ಓಡಿದ. ಡೂಲಿ ಕೂಡ ತನ್ನ ಮೇಜನ್ನು ಪಕ್ಕಕ್ಕೆಳೆದು ಜಾಗ ಮಾಡಿದ. ಒಂದು ನಿಮಿಷ ಇರುವಾಗ ಪೆಟ್ಟಿಗೆ ಮೇಜು ಮುಟ್ಟಿತು.

ಆಮೇಲೆ ಒಪ್ಪಿಸಬೇಕಿದ್ದ ಬೇರೆ ಬೇರೆ ಮಾಂಸದ ಪೆಟ್ಟಿಗೆಗಳಿಗೂ ಅವಳೇ ಕೊಯ್ದಳು. ಅವನು ಪಕ್ಕದಲ್ಲಿ ಕೂತು, ಎದೆಮಾಂಸವೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಕೇಳದಿದ್ದರೂ ಸಲಹೆ ಕೊಟ್ಟ.

ಸಂಜೆ ಐದಕ್ಕೆ ಫಲಿತಾಂಶ. ಪಕ್ಕೆಲುಬಿನಲ್ಲಿ ಬರ್ಡ್‌ಸಾಂಗ್ ತಂಡಕ್ಕೆ ಎರಡನೇ ಸ್ಥಾನ. ಅಪ್ಪ ಮಗಳು ವೇದಿಕೆ ಹತ್ತಿದರು. ಇನ್ನೇನು ಮುದುಕ ಮೈಕು ಹಿಡಿದು ಅರ್ಧ ಗಂಟೆ ಜಂಬ ಕೊಚ್ಚುತ್ತಾನೆ ಎಂದು ಜನ ಕುರ್ಚಿಗೆ ಒರಗಿ ಕೂತರು.

ವರ್ಡೆಲ್ ಬಲಗೈ ಎತ್ತಿ ತೋರಿಸಿದ.

"ಈ ಬೆರಳುಗಳಿಗೆ ಏನೂ ಗೊತ್ತಾಗಲ್ಲ. ಚಳಿಗಾಲದಿಂದ ಮುಚ್ಚಿಟ್ಟಿದ್ದೆ. ಹೋದ ತಿಂಗಳು ಚಾಕು ಮೊಂಡು ಅಂದಿದ್ದು ಸುಳ್ಳು. ಇವತ್ತು ಕೊಯ್ದಿದ್ದು ನನ್ನ ಮಗಳು ಲುವೆನಿಯಾ. ಇನ್ಮೇಲೆ ಒಲೆ ಅವಳದ್ದು. ಗೇಲಿ ಮಾಡೋದಿದ್ರೆ ಅವಳನ್ನ ಮಾಡಿ. ಆದ್ರೆ ಹುಷಾರು, ಅವಳು ಬಸ್ಸು ಓಡಿಸ್ತಾಳೆ."

ಮೈದಾನವೆಲ್ಲ ಗೊಳ್ಳೆಂದಿತು. ಲುವೆನಿಯಾ ನಗಲಿಲ್ಲ. ಎಲ್ಲರೆದುರು ಅಪ್ಪನನ್ನು ಬಿಗಿದಪ್ಪಿಕೊಂಡು, ಹೊಗೆ ವಾಸನೆಯ ಆ ಭುಜದ ಮೇಲೆ ಅತ್ತೇಬಿಟ್ಟಳು.

ಇಳಿಯುವಾಗ ಮೆಟ್ಟಿಲಲ್ಲಿ ಮುದುಕ ಅವಳ ಕೈ ಹಿಡಿದುಕೊಂಡು ಕಿವಿಯಲ್ಲಿ ಪಿಸುಗುಟ್ಟಿದ: "ಎದೆಮಾಂಸ ಮಾತ್ರ ಚೂರು ದಪ್ಪ ಕೊಯ್ದೆ ಕಣವ್ವ. ಆಗಲೇ ಹೇಳ್ಬೇಕಿತ್ತು, ಸುಮ್ನಿದ್ದೆ. ಇನ್ಮೇಲೆ ಸುಮ್ನಿರಲ್ಲ."

"ನಾನೂ ಅಷ್ಟೆ, ಅಪ್ಪಾ" ಎಂದಳು ಲುವೆನಿಯಾ.