ಗಂಟೆಗೆ ಇಪ್ಪತ್ತೊಂದು ಲೀಟರ್

ಹೊಸ ಎಂಜಿನ್ ಬಂದ ವಾರವೇ ಅಕ್ಕ ಅದರ ಹಸಿವು ಅಳೆಯಲು ಹೊರಟಳು. ಅಪ್ಪ ಸತ್ತಾಗ ದೋಣಿ ತಮ್ಮನಿಗೆ ಹೋಗಿತ್ತು, ಬಂದರಿನ ಶೆಡ್ಡು ಮತ್ತು ಸ್ಪ್ಯಾನರುಗಳು ಅವಳಿಗೆ. ಅವಳ ಗಂಡ ಅದೇ ದೋಣಿಯಲ್ಲಿ ಕೆಲಸಕ್ಕಿದ್ದ.

ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿ, ಪೂರ್ತಿ ಮೂಟೆ ಹೇರಿ, ಎಂದಿನ ವೇಗದಲ್ಲಿ ಅರ್ಧ ಗಂಟೆ ಪ್ರವಾಹದ ಜೊತೆ, ಅರ್ಧ ಗಂಟೆ ಎದುರಾಗಿ ಓಡಿಸಿದಳು. ವಾಪಸು ಬಂದು ಅಳತೆಯ ಪಾತ್ರೆಯಿಂದ ಮತ್ತೆ ಕುತ್ತಿಗೆಯವರೆಗೆ ತುಂಬಿದಳು. ಮೂರು ಸಲವೂ ಅದೇ ಲೆಕ್ಕ: ಗಂಟೆಗೆ ಹದಿನೆಂಟು ಕಿಲೋಮೀಟರ್, ಇಪ್ಪತ್ತೊಂದು ಲೀಟರ್. ಶೆಡ್ಡಿನ ಗೋಡೆಗೆ ಹಾಳೆ ಅಂಟಿಸಿದಳು: ‘ಟ್ಯಾಂಕ್ ನೂರಿಪ್ಪತ್ತು ಲೀಟರ್. ಆಪತ್ತಿಗೆಂದು ನಲವತ್ತು ಮುಟ್ಟಬಾರದು. ಉಳಿದದ್ದಕ್ಕೆ ಅರವತ್ತೆಂಟು ಕಿಲೋಮೀಟರ್.’

ಸಿಮೆಂಟ್ ಒಯ್ಯಬೇಕಿದ್ದ ದ್ವೀಪಕ್ಕೆ ಹೋಗಿಬರಲು ಎಂಬತ್ತು.

“ಕಂಪನಿಯವರು ಹದಿನೈದು ಲೀಟರ್ ಅಂತ ಅಚ್ಚು ಹಾಕ್ಸಿದ್ದಾರೆ. ನೀನು ಅವರಿಗಿಂತ ಮೇಲಾ?” ಎಂದ ತಮ್ಮ.

“ಅವರು ಮೂಟೆ ಹೇರಿ ಅಳೆದಿಲ್ಲ. ದೋಣಿಯಲ್ಲಿ ಎರಡು ಕ್ಯಾನ್ ಡೀಸೆಲ್ ಇಟ್ಟಿದ್ದೀನಿ, ತಗೊಂಡು ಹೋಗು.”

“ನಿಮ್ಮಿಬ್ಬರ ಮಧ್ಯೆ ನಾನು ಅರೆದು ಚಟ್ನಿಯಾದೆ,” ಎಂದು ನಗುತ್ತಾ ಗಂಡ ದೋಣಿ ಹತ್ತಿದ.

ಹತ್ತು ಗಂಟೆಗೆ ಅವಳು ಕಟ್ಟೆಗೆ ಬಂದರೆ ದೋಣಿ ಹೋಗಿತ್ತು, ಎರಡೂ ಕ್ಯಾನ್ ಕಟ್ಟೆಯ ಮೇಲಿದ್ದವು. ಇನ್ನೆರಡು ಮೂಟೆಗೆ ಜಾಗ ಮಾಡಲು ತಮ್ಮ ಇಳಿಸಿದ್ದ. ಬಂದರಿನ ಕಚೇರಿ ನೂರು ಹೆಜ್ಜೆ ದೂರ. ತಿಳಿಸಿದರೆ ತಮ್ಮನ ಲೈಸೆನ್ಸಿಗೆ ಕುತ್ತು. ಆಕಾಶ ತಿಳಿಯಾಗಿತ್ತು. ಗಾಳಿ ಏಳದಿದ್ದರೆ ಇಪ್ಪತ್ತೇಳು ಲೀಟರ್ ಉಳಿಸಿಕೊಂಡೇ ಬರುತ್ತಾರೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಅವಳು ಕೆಲಸಕ್ಕೆ ಮರಳಿದಳು.

ಮಧ್ಯಾಹ್ನ ಗಾಳಿ ಎದ್ದಿತು. ಹಳೆ ಕಬ್ಬಿಣ ಹೇರಿಕೊಂಡು ಮರಳುತ್ತಿದ್ದ ದೋಣಿ ಎದುರುಗಾಳಿಗೆ ಗಂಟೆಗೆ ಹತ್ತು ಕಿಲೋಮೀಟರೂ ಸಾಗದೆ ಏದುಸಿರು ಬಿಟ್ಟಿತು. ದಡದ ಕಟ್ಟಡಗಳು ಕಣ್ಣಿಗೆ ಕಾಣುವಾಗ ಎಂಜಿನ್ ನಿಂತಿತು. ದೋಣಿ ಅಲೆಗೆ ಅಡ್ಡವಾಯಿತು, ಕಬ್ಬಿಣ ಒಂದೇ ಬದಿಗೆ ಜಾರಿ ದೋಣಿ ಮಗುಚಿತು. ತಮ್ಮನನ್ನು ಮೀನುಗಾರರು ಎಳೆದುಕೊಂಡರು. ಅವಳ ಗಂಡ ಮೂರನೆಯ ದಿನ ಹೆಣವಾಗಿ ಸಿಕ್ಕಿದ.

ವಿಚಾರಣೆಯಲ್ಲಿ ಅಧಿಕಾರಿ ಕೇಳಿದರು, “ಡೀಸೆಲ್ ಲೆಕ್ಕ ಯಾರದ್ದು?”

ತಮ್ಮ ತಲೆ ಎತ್ತಲಿಲ್ಲ. “ಅಕ್ಕಂದು ಸಾರ್. ಸಾಕಾಗುತ್ತೆ ಅಂದಿದ್ಲು.”

ಅವಳು ಶೆಡ್ಡಿಗೆ ಓಡಿದಳು. ಗೋಡೆಯಲ್ಲಿ ಅಂಟಿನ ಕಲೆ ಮಾತ್ರ ಉಳಿದಿತ್ತು. ಮನೆಯಲ್ಲಿ ಅಮ್ಮ ಒಲೆಯ ಮುಂದೆ ಕೂತಿದ್ದಳು; ಒಲೆಯೊಳಗೆ ಹಾಳೆ ಕಪ್ಪಾಗಿ ಸುರುಳಿಯಾಗಿತ್ತು.

“ಹೋದವನು ಬರ್ತಾನಾ? ಇರೋನನ್ನಾದ್ರೂ ಉಳಿಸ್ಕೊಳ್ಳೋಣ ಮಗಳೇ.”

“ನಾನು ಇರೋಳಲ್ವಾ ಅಮ್ಮ?”

ಅಮ್ಮ ಒಲೆಗೆ ಇನ್ನೊಂದು ಸೌದೆ ತಳ್ಳಿದಳು.

ಮರುದಿನ ಅವಳು ಅಧಿಕಾರಿಯ ಮುಂದೆ ನಿಂತು, “ಹಾಳೆ ಸುಟ್ಟರೂ ಎಂಜಿನ್ ಸುಳ್ಳು ಹೇಳಲ್ಲ. ಇಂಥದ್ದೇ ಎಂಜಿನ್ ಬಂದರು ಕಚೇರಿಯ ದೋಣಿಯಲ್ಲಿದೆ, ಮೂಟೆ ಹೇರಿ ಅಳೆದು ನೋಡಿ. ನಾನಿಟ್ಟ ಎರಡು ಕ್ಯಾನನ್ನೂ ಅವನು ಕಟ್ಟೆ ಮೇಲೆ ಇಳಿಸಿ ಹೋಗಿದ್ದ, ನಾನೇ ಕಂಡೆ,” ಎಂದಳು. ಅಳೆದರು. ಇಪ್ಪತ್ತೊಂದೂವರೆ ಬಂತು.

ಅಧಿಕಾರಿ ಪೆನ್ನು ಕೆಳಗಿಟ್ಟರು. “ಇಷ್ಟು ಸರಿಯಾಗಿ ಗೊತ್ತಿದ್ದೂ, ಕ್ಯಾನ್ ಕಟ್ಟೆ ಮೇಲಿರೋದನ್ನ ಕಂಡೂ, ನಮಗ್ಯಾಕೆ ಹೇಳಲಿಲ್ಲ?”

ಅವಳು ಅಧಿಕಾರಿ ಕೆಳಗಿಟ್ಟ ಪೆನ್ನನ್ನೇ ನೋಡಿದಳು; ಆ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು.

ತಮ್ಮನ ಲೈಸೆನ್ಸ್ ಆರು ತಿಂಗಳು ಹೋಯಿತು. ಏಳನೆಯ ತಿಂಗಳು ಅವನು ಬೇರೊಬ್ಬರ ದೋಣಿ ಹತ್ತಿದ. ಅವಳು ಶೆಡ್ಡಿಗೆ ಬೀಗ ಹಾಕಿ ಪಕ್ಕದ ಊರಿನ ಪಂಪ್ ರಿಪೇರಿ ಅಂಗಡಿಗೆ ಸೇರಿ, ಅಲ್ಲೇ ಬಾಡಿಗೆ ಕೋಣೆ ಹಿಡಿದಳು. ಒಂದು ಬೆಳಿಗ್ಗೆ ಅಮ್ಮ ಬಾಗಿಲಿಗೆ ಬಂದಳು.

“ಅವನು ಸರಿಯಾಗಿ ಉಣ್ತಿಲ್ಲ. ಒಂದ್ಸಲ ಬಂದು, ಆದದ್ದಾಯ್ತು ಬಿಡು ಅಂದ್ಬಿಡು. ನಿನ್ನ ಗಂಟೇನು ಹೋಗುತ್ತೆ?”

“ನನಗೆ ಯಾರು ಹೇಳಿದ್ರು ಅಮ್ಮ, ಆ ಮಾತು?”

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ಅಮ್ಮನಿಗೆ ಟೀ ಮಾಡಿ ಕೊಟ್ಟು, ಬಸ್ಸು ಹತ್ತಿಸಿ, ಹತ್ತು ನಿಮಿಷ ತಡವಾಗಿ ಕೆಲಸಕ್ಕೆ ಹೋದಳು.