ಶರಬತ್ತಿಗೆ ಹಾಕಿದ ಐಸು

ಮಲ್ಕಾ ಇನ್ನೂ ಎರಡನೇ ವರ್ಷದ ಮೆಡಿಕಲ್ ಓದುತ್ತಿದ್ದಳು, ಆದರೆ ಅವಳ ಅಪ್ಪ ನೂರುಲ್ಲಾ ಸಾಹೇಬರ ಪಾಲಿಗೆ ಅವಳು ಆಗಲೇ ಡಾಕ್ಟರು. ದೇಶ ದೇಶ ಸುತ್ತುತ್ತಿದ್ದ ಕಾಲರಾ ಎಂಬತ್ತರ ದಶಕದ ಆ ಬೇಸಿಗೆ ಯಶವಂತಪುರದ ಅವರ ಗಲ್ಲಿಗೂ ಕಾಲಿಟ್ಟಾಗ, ತಾಯಿಯಿಲ್ಲದ ಆ ಮನೆಯ ದರ್ಬಾರೆಲ್ಲ ಅವಳದೇ ಆಯಿತು. ಕುದಿಸದ ನೀರು ಬಾಯಿಗೆ ಹೋಗುವಂತಿಲ್ಲ, ಸೋಪು ಹಚ್ಚದ ಕೈ ತಟ್ಟೆ ಮುಟ್ಟುವಂತಿಲ್ಲ, ಹೊರಗೆ ಯಾರು ಏನು ಕೊಟ್ಟರೂ ಕುಡಿಯುವಂತಿಲ್ಲ. ಅವಳ ಕ್ಲಾಸಿನ ಹುಡುಗರೋ, ಒಂದು ಸೂಜಿ ಚುಚ್ಚಿಸಿಕೊಂಡು, ಇನ್ನು ಯಮನೂ ಮುಟ್ಟಲಾರನೆಂಬಂತೆ ರಸ್ತೆಬದಿಯ ಕಬ್ಬಿನ ಹಾಲು ಕುಡಿಯುತ್ತ ತಿರುಗುತ್ತಿದ್ದರು. ಅವರನ್ನು ಕಂಡರೆ ಮಲ್ಕಾಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಮಾತ್ರ ಮಗಳು ಹಾಕಿದ ಗೆರೆ ದಾಟುತ್ತಿರಲಿಲ್ಲ. ನಗುವವರು ನಗಲಿ ಎಂದು ಮಸೀದಿಗೂ ಮನೆಯ ನೀರನ್ನೇ ಬಾಟಲಿಯಲ್ಲಿ ಕೊಂಡೊಯ್ಯುತ್ತಿದ್ದರು.

ಅದು ರಂಜಾನ್ ತಿಂಗಳು. ಒಂದು ಸಂಜೆ, ಆ ಬಿಸಿಲಲ್ಲಿ ತೊಟ್ಟು ನೀರಿಲ್ಲದೆ ದಿನವಿಡೀ ಸಾಮಿಲ್ಲಿನಲ್ಲಿ ಮರ ಕೊಯ್ದು ಬಂದ ಅಪ್ಪನ ತುಟಿ ಒಣಗಿ ಒಡೆದಿತ್ತು. ರೋಜಾ ಬಿಡುವ ಹೊತ್ತಾದರೂ ಕುದಿಸಿದ ನೀರು ಆರಿರಲಿಲ್ಲ. ಮಲ್ಕಾ ಗಲ್ಲಿಯ ತುದಿಗೆ ಓಡಿ, ಗಾಡಿಯವನಿಂದ ಒಂದು ಗಡ್ಡೆ ಐಸು ತಂದು, ಮೆತ್ತಿದ್ದ ಮರದ ಹೊಟ್ಟನ್ನು ತೊಳೆದು, ಅಪ್ಪನ ಶರಬತ್ತಿಗೆ ಹಾಕಿದಳು. ಆ ಐಸು ಯಾವ ನೀರಿನದು ಎಂಬ ಯೋಚನೆ ಸುಳಿಯಲೇ ಇಲ್ಲ. ಅಷ್ಟೆಲ್ಲ ಓದಿದ ತಲೆ! ಅಪ್ಪ ಗಟಗಟನೆ ಕುಡಿದು, ಜೀವ ಬಂತು ಎಂದರು.

ಎರಡು ದಿನಕ್ಕೆ ವಾಂತಿಭೇದಿ ಹಿಡಿಯಿತು. ಆಟೋದಲ್ಲಿ ಅಪ್ಪನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಬಂದಾಗ ಅವರ ಕಣ್ಣು ಗುಳಿಬಿದ್ದಿತ್ತು, ನಾಡಿ ಸಿಗುತ್ತಿರಲಿಲ್ಲ. ಏನೇನು ಕುಡಿದಿದ್ದರು ಎಂದು ಡ್ಯೂಟಿ ಡಾಕ್ಟರು ಕೇಳಿದರು. ಮಲ್ಕಾ ಕುದಿಸಿದ ನೀರಿನ ಪುರಾಣವನ್ನೆಲ್ಲ ಒಪ್ಪಿಸಿದಳು.

"ಐಸ್ ಏನಾದ್ರೂ?" ಎಂದರು ಅವರು.

ಮಲ್ಕಾಗೆ ಗಾಡಿಯವನ ಐಸು ನೆನಪಾಯಿತು. ಅಪ್ಪನಿಗೆ ನಾನೇ ಕೈಯಾರೆ ವಿಷ ಕೊಟ್ಟೆ ಎಂಬುದು ಆಗ ತಿಳಿಯಿತು.

ವಾರ್ಡ್ ತುಂಬಿ ನೆಲದ ಮೇಲೂ ರೋಗಿಗಳು. ಡ್ರಿಪ್ ಬಾಟಲಿಗಳು ಮುಗಿದಿದ್ದವು, ಬೇರೆ ಬರುವವರೆಗೆ ಉಪ್ಪು ಸಕ್ಕರೆ ನೀರು ಕುಡಿಸಿಯೇ ಜೀವ ಹಿಡಿದಿಡಬೇಕು. ನರ್ಸ್ ಲೋಟ ತಂದರೆ ನೂರುಲ್ಲಾ ಸಾಹೇಬರು ಹಲ್ಲು ಕಚ್ಚಿ ಮುಖ ತಿರುಗಿಸಿದರು. ಹೊರಗಿನ ನೀರು ಕುಡಿಯಬೇಡ ಎಂದು ಡಾಕ್ಟರು ಮಗಳು ಹೇಳಿದ್ದಾಳಂತೆ.

ಮಲ್ಕಾ ಲೋಟ ಇಸಿದುಕೊಂಡಳು. ಕಾಲು ಹಿಡಿದು ಎಲ್ಲ ಹೇಳಿಬಿಡಬೇಕು ಎನಿಸಿತು. ಹೇಳಿದರೆ ತನ್ನ ಕೈಯಿಂದಲೂ ಅವರು ಕುಡಿಯದಿದ್ದರೆ? ಲೋಟವನ್ನು ಅವರ ತುಟಿಗೆ ಹಿಡಿದಳು.

"ನಾನು ಕೊಡ್ತಿದ್ದೀನಿ ಅಬ್ಬಾ. ಕುಡೀರಿ."

ಅವರು ಬಾಯಿ ತೆರೆದರು. ಕುಡಿದರು, ಕಕ್ಕಿದರು, ಮತ್ತೆ ಕುಡಿದರು. ಆಮೇಲೆ ಅವಳ ಬೆರಳು ಹಿಡಿದುಕೊಂಡು, ಹೊರಡದ ದನಿಯಲ್ಲಿ ಹೇಳಿದರು:

"ನಿನ್ ಮಾತು ಕೇಳ್ದೆ ಇದ್ದಿದ್ರೆ ಇಷ್ಟೊತ್ತಿಗೆ ಹೋಗ್ಬಿಡ್ತಿದ್ದೆ, ಮಗಳೇ."