ಸೊನ್ನೆಗಿಂತ ಹದಿನೆಂಟು ಕೆಳಗೆ

ನನ್ನ ಬಾಮೈದ ಸುಳ್ಳು ಅಂಕಿ ಬರೆಯುತ್ತಿದ್ದಾನೆಂಬ ಗುಮಾನಿ ನನಗೆ ಮೊದಲ ವಾರವೇ ಬಂದಿತ್ತು. ಹೆಂಡತಿಯ ತಮ್ಮನೆಂಬ ಮುಲಾಜಿಗೆ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ.

ಹವಾಮಾನ ಕೇಂದ್ರದಲ್ಲಿ ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ಅವನದು. ಪಿಸ್ತೂಲಿನಂಥ ಹೊಸ ತಾಪಮಾಪಕ ಬಂದಿತ್ತು. ಗುರಿ ಹಿಡಿದು ಒತ್ತಿದರೆ ಮುಟ್ಟದೆಯೇ ಶಾಖ ಹೇಳುವ ಅತಿಗೆಂಪು ಯಂತ್ರ. ನೆಲಕ್ಕೊಮ್ಮೆ, ಆಕಾಶಕ್ಕೊಮ್ಮೆ ಹಿಡಿದು ಬರೆದಿಡಬೇಕು. ಇಪ್ಪತ್ತೆರಡು ವರ್ಷ ಪಾದರಸ ನೋಡಿದವನಿಗೆ ಇದೇನು ಮಹಾ? ನೆಲಕ್ಕೆ ಬಾಗಿಲವರೆಗೆ ಹೋಗುತ್ತಿದ್ದೆ, ಆಕಾಶಕ್ಕೆ ಕುರ್ಚಿಯ ಪಕ್ಕದ ಗಾಜಿನ ಕಿಟಕಿಯೇ ಸಾಕಿತ್ತು. ನನ್ನ ಆಕಾಶ ದಿನಾ ಇಪ್ಪತ್ತಾರು, ಇಪ್ಪತ್ತೇಳು. ಅವನದು ಸೊನ್ನೆಗಿಂತ ಹದಿನೆಂಟು ಕೆಳಗೆ, ಅದೂ ಮೈ ಸುಡುವ ಬಿಸಿಲಲ್ಲಿ. ಸುಳ್ಳು ಹೇಳಿದರೂ ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳಬೇಕು. ಇವನಿಗೆ ಅದೂ ಬಾರದು.

ಕೊನೆಗೆ ಕೇಳಿದ್ದಕ್ಕೆ, ಮೋಡವಿಲ್ಲದ ಆಕಾಶ ತಣ್ಣಗೇ ಇರುತ್ತದೆ ಭಾವ ಎಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಒಂದು ದಿನ ಹೊರಟಂತೆ ಮಾಡಿ ಗೋಡೆಯ ಮರೆಯಲ್ಲಿ ನಿಂತೆ. ಅವನು ಅಂಗಳದ ನಡುವೆ ನಿಂತು ಯಂತ್ರವನ್ನು ಮೇಲೆತ್ತಿದ್ದ. ನನ್ನ ಸುಳಿವು ಸಿಕ್ಕಿರಬೇಕು, ನಾಟಕ ಆಡುತ್ತಿದ್ದಾನೆ ಎಂದುಕೊಂಡೆ.

ಆ ತಿಂಗಳು ಅವನ ಕೆಲಸ ಕಾಯಂ ಆಗುವುದಿತ್ತು. ಇವನ ಅಂಕಿಗಳೆಲ್ಲ ಕಟ್ಟುಕತೆ, ಕಾಯಂ ಮಾಡಬೇಡಿ ಎಂದು ಮೇಲಧಿಕಾರಿಗೆ ಕಾಗದ ಬರೆದೆ. ಮನೆಯಲ್ಲಿ ಹೆಂಡತಿಗೆ ಉಸಿರೆತ್ತಲಿಲ್ಲ.

ಅಧಿಕಾರಿ ಬಂದರು. ಇಬ್ಬರನ್ನೂ ಕೂರಿಸಿಕೊಂಡು, ಮೊದಲು ನನಗೇ ಆಕಾಶ ಅಳೆಯಲು ಹೇಳಿದರು. ಕುರ್ಚಿ ಬಿಟ್ಟೇಳದೆ ಕಿಟಕಿಗೆ ಗುರಿ ಹಿಡಿದೆ. ಇಪ್ಪತ್ತಾರು. ನೋಡಿದಿರಾ ಎಂಬಂತೆ ಕತ್ತೆತ್ತಿದೆ. ಅವರು ಎದ್ದು ಕಿಟಕಿ ತೆರೆದರು. ಮತ್ತೆ ಒತ್ತಿದೆ. ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ.

ಗಾಜಿನಾಚೆಗೆ ಈ ಯಂತ್ರಕ್ಕೆ ಕಣ್ಣಿಲ್ಲವಂತೆ. ಎರಡು ತಿಂಗಳು ನಾನು ಅಳೆದದ್ದು ಕಿಟಕಿಯ ಗಾಜನ್ನು.

ಅಧಿಕಾರಿ ಕಾಗದವನ್ನು ಬಾಮೈದನ ಕೈಗೆ ಕೊಟ್ಟರು. ಅವನು ನಿಧಾನವಾಗಿ ಓದಿದ. ಅಕ್ಷರ ಯಾರದೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಇಷ್ಟು ದಿನದ ಲೆಕ್ಕ ಹಾಳಾದದ್ದಕ್ಕೆ ಯಾರು ಹೊಣೆ ಎಂದು ಅಧಿಕಾರಿ ಕೇಳಿದರು.

ಅವನು ಕಾಗದ ಮಡಚಿಟ್ಟ. "ತಪ್ಪು ನಂದು ಸಾರ್. ಗಾಜಿದ್ರೂ ನಡಿಯುತ್ತೆ ಅಂತ ಭಾವಂಗೆ ನಾನೇ ಹೇಳಿದ್ದೆ."

ಅಕ್ಕನ ಮುಖ ನೋಡಿದನೋ, ನನ್ನ ವಯಸ್ಸು ನೋಡಿದನೋ. ತಪ್ಪನ್ನು ಬರೆದಿಡಲು ಅಧಿಕಾರಿ ಅವನ ಕಡತ ಬಿಚ್ಚಿ ಪೆನ್ನು ತೆಗೆದರು.

"ಅವನು ಸುಳ್ಳು ಹೇಳ್ತಿದಾನೆ ಸಾರ್," ಎಂದೆ. ಎರಡು ತಿಂಗಳಲ್ಲಿ ಅವನ ಬಗ್ಗೆ ನಾನು ಆಡಿದ ಮೊದಲ ನಿಜ ಅದು.